ಮೈಕ್ ಆರಿಸಿರಲಿಲ್ಲ

ಆಗಸ್ಟ್ ೪, ಸೋಮವಾರ

ಸೌಂಡ್! ನನಗೆ ಸೌಂಡ್ ಕೊಟ್ಟರು!

ಸಿನಿಮಾ ಕೋರ್ಸಿನಲ್ಲಿ ಹೋದ ವರ್ಷ ಪೂರ್ತಿ ಬರೀ ಪುಸ್ತಕ ಓದಿಸಿದರು. ಈ ವರ್ಷವಾದರೂ ಕ್ಯಾಮೆರಾ ಮುಟ್ಟಬಹುದು ಎಂದು ರಜೆಯುದ್ದಕ್ಕೂ ಕಾದು ಕೂತಿದ್ದೆ. ಇವತ್ತು ಮೇಡಂ ಮೂವರು ಮೂವರ ತಂಡ ಮಾಡಿ, ನಾಲ್ಕು ನಿಮಿಷದ ಸಾಕ್ಷ್ಯಚಿತ್ರ ಮಾಡಿಕೊಂಡು ಬನ್ನಿ ಎಂದರು. ವಿಷಯ: ಒಬ್ಬ ಮನುಷ್ಯ, ಒಂದು ಕೆಲಸ. ಕ್ಯಾಮೆರಾ ಯಾರು ಎಂದು ಅವರು ಕೇಳಿದ ತಕ್ಷಣ ನಾನು ಕೈ ಎತ್ತಿದೆ. ಅವರು ಬೋರ್ಡಿನ ಕಡೆ ತಿರುಗಿಕೊಂಡಿದ್ದರು. ಈ ಕಡೆ ತಿರುಗುವಷ್ಟರಲ್ಲಿ ನಮ್ಮ ತಂಡದ ಮಹಾಶಯ ಎದ್ದು ನಿಂತು, “ಡೈರೆಕ್ಷನ್ನು, ಕ್ಯಾಮೆರಾ ಎರಡೂ ನಾನು ನೋಡ್ಕೋತೀನಿ ಮೇಡಂ” ಎಂದುಬಿಟ್ಟ. ನೋಡ್ಕೋತಾನಂತೆ! ಇವನಿಗೆ ಕ್ಲಾಸಿನಲ್ಲಿ ಎಲ್ಲರೂ ಸಾರ್ವಭೌಮ ಎನ್ನುವುದು ಸುಮ್ಮನೆ ಅಲ್ಲ. ಎಡಿಟಿಂಗ್ ತಂಡದ ಮೂರನೆಯವಳು, ಕನ್ನಡಕದವಳ ಪಾಲಾಯಿತು. ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರೆ ಸಾಕು, ಊಟವೂ ಬೇಡ. ಉಳಿದದ್ದು ಸೌಂಡ್. ಉಳಿದವಳು ನಾನು.

“ಸೌಂಡ್ ಅಂದ್ರೆ ಅರ್ಧ ಸಿನಿಮಾ” ಎಂದು ಮೇಡಂ ಸಮಾಧಾನ ಮಾಡಿದರು. ಹಾಗಾದರೆ ಆ ಅರ್ಧ ಅವನಿಗೇ ಕೊಡಿ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಈಗ ಬರುತ್ತಿದೆ, ಏನು ಪ್ರಯೋಜನ?

ಮನೆಗೆ ಬಂದಾಗ ಅಮ್ಮ ಏನೋ ಕೇಳಿದಳು. ಬ್ಯಾಗನ್ನು ಕುರ್ಚಿಯ ಮೇಲೆ ಎಸೆದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಆಮೇಲೆ ನೋಡಿದರೆ ತಟ್ಟೆ ಬಾಗಿಲ ಹೊರಗೆ ಸ್ಟೂಲಿನ ಮೇಲಿತ್ತು, ಮುಚ್ಚಿಟ್ಟಿದ್ದಳು. ತಟ್ಟಿ ಕರೆಯುವುದಕ್ಕೇನು? ಅವಳದ್ದು ಯಾವಾಗಲೂ ಹೀಗೇ, ಮಾತೇ ಕಮ್ಮಿ.

ಆಗಸ್ಟ್ ೭, ಗುರುವಾರ

ಇವತ್ತಿನ ಪಾಠ: ನಿಶ್ಶಬ್ದವನ್ನು ರೆಕಾರ್ಡ್ ಮಾಡುವುದು. ತಮಾಷೆಯಲ್ಲ, ನಿಜ. ಎಲ್ಲರನ್ನೂ ಆಚೆ ಕಳಿಸಿ, ಸೌಂಡಿನವರನ್ನು ಮಾತ್ರ ಖಾಲಿ ಕ್ಲಾಸಿನಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. ಪ್ರತಿ ಕೋಣೆಗೂ ಅದರದೇ ಒಂದು ಮೌನ ಇರುತ್ತದಂತೆ. ಫ್ಯಾನು, ಕಿಟಕಿ, ದೂರದ ರಸ್ತೆ ಎಲ್ಲ ಸೇರಿದ ಮೌನ. ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆಯೆಲ್ಲ ತೂತು ಬಿದ್ದ ಹಾಗೆ ಕೇಳುತ್ತದಂತೆ. ಅತ್ತ ಅಂಗಳದಲ್ಲಿ ಸಾರ್ವಭೌಮ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಹುಡುಗಿಯರಿಗೆ ಫೋಕಸ್ ಎಳೆಯುವುದು ತೋರಿಸುತ್ತಿದ್ದ. ನಾನು ಫ್ಯಾನಿನ ಸದ್ದು ಕೇಳುತ್ತ ಕೂತಿದ್ದೆ.

ಇಷ್ಟು ಸಾಲದು ಎಂದು ಇನ್ನೊಂದು. ಯಾರ ಬಗ್ಗೆ ಸಿನಿಮಾ ಮಾಡುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಕನ್ನಡಕ ನನ್ನ ಕಡೆ ಕೈ ತೋರಿಸಿ, “ಇವಳ ಅಮ್ಮ ಡ್ರೈವಿಂಗ್ ಸ್ಕೂಲಲ್ಲಿ ಕಾರು ಕಲಿಸ್ತಾರೆ ಕಣೋ” ಎಂದಳು. ಸಾರ್ವಭೌಮನ ಕಣ್ಣು ಅರಳಿತು. “ಹೆಂಗಸು, ಕಾರು, ಚಲನೆ! ಸಕತ್ತಾಗಿರುತ್ತೆ” ಎಂದ. ನಮ್ಮ ಅಮ್ಮ ಇವನಿಗೆ ಚಲನೆಯಂತೆ. ಬೇಡ ಎಂದೆ. ಇಬ್ಬರೂ ಸೇರಿ ಗಂಟೆಗಟ್ಟಲೆ ಕೊರೆದರು. ಕೊನೆಗೆ ಏನಾದರೂ ಮಾಡಿಕೊಳ್ಳಿ ಎಂದು ಎದ್ದುಬಂದೆ. ಅದನ್ನೇ ಒಪ್ಪಿಗೆ ಎಂದುಕೊಂಡರು.

ಆಗಸ್ಟ್ ೧೨, ಮಂಗಳವಾರ

ಅಮ್ಮನನ್ನು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿ, “ನಿಂಗೆ ಪರವಾಗಿಲ್ವಾ?” ಎಂದಳು.

“ನಂಗೇನು?”

“ಅಲ್ಲ, ನಿನ್ನ ಫ್ರೆಂಡ್ಸ್ ಮುಂದೆ ನಾನು...”

“ಬೇಕಿದ್ರೆ ಹೂಂ ಅನ್ನು, ಬೇಡ ಅಂದ್ರೆ ಬೇಡ ಅನ್ನು. ಎಳೀಬೇಡ.”

“ಹೂಂ” ಎಂದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ನೇರವಾಗಿ ಒಂದು ಮಾತು ಆಡಲು ಬಾರದವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಆಗಸ್ಟ್ ೧೯, ಮಂಗಳವಾರ

ಮೊದಲ ದಿನದ ಶೂಟಿಂಗ್. ಬೈಯಲು ಎಲ್ಲಿಂದ ಶುರು ಮಾಡಲಿ?

ಕಾರಿನಲ್ಲಿ ಕಲಿಯುವವರು ಸ್ಟೇರಿಂಗ್ ಹಿಂದೆ, ಪಕ್ಕದಲ್ಲಿ ಅಮ್ಮ. ಅವಳ ಕಾಲ ಬುಡದಲ್ಲೂ ಒಂದು ಬ್ರೇಕ್ ಇದೆ. ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಹಿಡಿದ ಸಾರ್ವಭೌಮ ಮುಕ್ಕಾಲು ಭಾಗ, ಉಳಿದ ಮೂಲೆಯಲ್ಲಿ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ನಾನು. ಅಮ್ಮನ ಕಾಲರಿಗೆ ಗುಂಡಿಯಷ್ಟೇ ದೊಡ್ಡ ಮೈಕ್ ಸಿಕ್ಕಿಸಿದ್ದೆ. ಅದರ ಸದ್ದು ತಂತಿಯಿಲ್ಲದೆ ನನ್ನ ಹೆಡ್‌ಫೋನಿಗೆ ತಲುಪುತ್ತದೆ. ಸಿಕ್ಕಿಸುವಾಗ ಅಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು, ಸೂಜಿ ಚುಚ್ಚಿಸಿಕೊಳ್ಳುವವರ ಹಾಗೆ.

ಸಾರ್ವಭೌಮ ಹೊರಗೆ ನಿಂತು ಓಡುವ ಕಾರನ್ನು ಬೆಳಿಗ್ಗೆ ರಸ್ತೆಯ ಎಡಗಡೆಯಿಂದ ಚಿತ್ರಿಸಿದ, ಮಧ್ಯಾಹ್ನ ಬಲಗಡೆಯಿಂದ. ಕೂಡಿಸಿ ನೋಡಿದರೆ ಕಾರು ಹೊರಟಲ್ಲಿಗೇ ವಾಪಸು ಬರುತ್ತಿರುವಂತೆ ಕಾಣುತ್ತದೆ. ಇದನ್ನು ಮೇಡಂ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದ್ದರು: ಒಂದು ಗೆರೆಯ ಈ ಕಡೆಯೇ ಇರಿ, ದಾಟಬೇಡಿ ಎಂದು. ನಾನು ಹೇಳಿದೆ. “ನೀನು ಸೌಂಡ್ ನೋಡ್ಕೋ” ಎಂದ.

ಆದರೆ ಬರೆಯಬೇಕೆಂದುಕೊಂಡದ್ದು ಇದಲ್ಲ. ಅಮ್ಮ ಅಲ್ಲಿ ಬೇರೆಯೇ ಹೆಂಗಸು. ಕ್ಲಚ್ ಬಿಡಲು ಹೆದರಿ ಬೆವರುತ್ತಿದ್ದ ಒಬ್ಬ ದಪ್ಪ ಮೀಸೆಯವರಿಗೆ, “ಸರ್, ಅದು ಕ್ಲಚ್ಚು, ಹಾವಲ್ಲ. ನಿಧಾನ ಕಾಲೆತ್ತಿ, ಕಚ್ಚಲ್ಲ” ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ದಾರಿಯುದ್ದಕ್ಕೂ ಮಾತು. ಒಂದು ಬಸ್ಸಿನವನನ್ನು ಕಿಟಕಿಯಿಂದ ತಲೆ ಹೊರಹಾಕಿ ಬೈದಳು! ನನ್ನ ರೆಕಾರ್ಡರಿನ ಸೂಜಿ ಕೆಂಪಿಗೆ ಹೋಗಿ ಸೌಂಡ್ ಕಮ್ಮಿ ಮಾಡಬೇಕಾಯಿತು. ಇಷ್ಟು ಮಾತು ಎಲ್ಲಿಟ್ಟುಕೊಂಡಿದ್ದಳು? ಮನೆಯಲ್ಲಿ ನಾನೇನು ಗೋಡೆಯಾ? ಅಪರಿಚಿತರಿಗೆಲ್ಲ ಹಂಚಿ ಮುಗಿದ ಮೇಲೆ ನನಗೆ ಮುಚ್ಚಿಟ್ಟ ತಟ್ಟೆ.

ಬರುತ್ತ ಕಾರಿನಲ್ಲಿ ನಾವಿಬ್ಬರೇ. ಒಂದು ಮಾತಿಲ್ಲ. ಮೈಕ್ ತೆಗೆದ ಮೇಲೆ ಸ್ವಿಚ್ಚನ್ನೇ ಆರಿಸಿದ ಹಾಗೆ.

ಆಗಸ್ಟ್ ೨೧, ಗುರುವಾರ

ಬರೆಯಲಾ ಬೇಡವಾ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ಇವತ್ತು ಕಲಿಯಲು ಬಂದದ್ದು ಒಬ್ಬ ನರ್ಸ್. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಯಾರಾದರೂ ಹಾರನ್ ಹೊಡೆದರೆ ಸಾಕು, ಗಾಡಿ ಆಫ್ ಮಾಡಿಬಿಡುತ್ತಾಳೆ. ಮೈದಾನದ ಅಂಚಿನಲ್ಲಿ ಕಾರು ನಿಲ್ಲಿಸಿ ಅಮ್ಮ ವಿರಾಮ ಕೊಟ್ಟಳು. ಸಾರ್ವಭೌಮ ಹೊರಗಿನ ಶಾಟ್ ತೆಗೆಯುತ್ತೇನೆಂದು ರಸ್ತೆ ಕಡೆ ಹೋದ. ನಾನು ಮರದ ಕೆಳಗೆ ಕೂತಿದ್ದೆ. ಹೆಡ್‌ಫೋನ್ ಕಿವಿಯಲ್ಲೇ ಇತ್ತು. ಅಮ್ಮನ ಮೈಕ್ ಆರಿಸಿರಲಿಲ್ಲ. ರೆಕಾರ್ಡರ್ ಓಡುತ್ತಿತ್ತು.

ನರ್ಸ್ ಅಳುತ್ತಿದ್ದಳು. ಗಂಡ ಪಕ್ಕದಲ್ಲಿ ಕೂತು ಕೂಗಾಡುತ್ತಾನೆ, ಈಗ ಅವನು ಪಕ್ಕದಲ್ಲಿಲ್ಲದಿದ್ದರೂ ಯಾರ ಹಾರನ್ನೂ ಅವನ ಕೂಗಿನ ಹಾಗೇ ಕೇಳುತ್ತದೆ ಎಂದಳು. ಅಮ್ಮ ಹೇಳಿದಳು:

“ನಂಗೊತ್ತು ಅದು. ನಮ್ಮನೆಯೋರೂ ಹಾಗೇ. ಗೇಟ್ ಸದ್ದಾದ್ರೆ ಕೆಲಸ ಬಿಟ್ಟು ಹೆಜ್ಜೆ ಸದ್ದಿಗೆ ಕಿವಿ ಕೊಟ್ಟು ನಿಲ್ತಿದ್ದೆ. ಬಿಟ್ಟು ಬಂದು ಎಷ್ಟೋ ವರ್ಷ ಆಯ್ತು. ಆದ್ರೆ ಒಂದು ಹೇಳ್ಲಾ? ಈಗ ನನ್ನ ಮಗಳು ಬರೋ ಹೊತ್ತಾದ್ರೆ ಅದೇ ಥರ ಆಗುತ್ತೆ. ಅವಳದ್ದೂ ಅದೇ ಕೋಪ, ಅಪ್ಪನದ್ದೇ. ಬ್ಯಾಗ್ ಇಡೋ ಸದ್ದು ಕೇಳಿ ಇವತ್ತು ಮಾತಾಡಿಸಬಹುದಾ ಇಲ್ವಾ ಅಂತ ಲೆಕ್ಕ ಹಾಕ್ತೀನಿ. ಹೆತ್ತ ಮಗಳಿಗೆ ಹೆದರ್ತೀನಿ ಕಣಮ್ಮ. ಯಾರ ಹತ್ರ ಹೇಳ್ಕೊಳ್ಳಲಿ?”

ನಾನು ಮರದ ಕೆಳಗೇ ಕೂತಿದ್ದೆ. ಕಾರು ಕಣ್ಣೆದುರಿಗೇ ಇತ್ತು. ಗಾಜಿನಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು.

ಆಗಸ್ಟ್ ೨೨, ಶುಕ್ರವಾರ

ಅಪ್ಪನ ಕೋಪವಂತೆ.

ಆ ಮನುಷ್ಯ ಟೇಬಲ್ ಮಗುಚಿದ್ದು ನೋಡಿದ್ದೇನೆ. ಅಮ್ಮನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ನೋಡಿದ್ದೇನೆ. ನಾನು ಏನು ಮಗುಚಿದೆ? ಯಾರನ್ನು ನಿಲ್ಲಿಸಿದೆ? ಯಾರೋ ಗುರುತು ಪರಿಚಯ ಇಲ್ಲದವಳ ಮುಂದೆ ನನ್ನನ್ನು ಅವನ ಪಕ್ಕ ನಿಲ್ಲಿಸಿದಳಲ್ಲ! ಜಗಳ ಆಡಬೇಕು. ಎದುರಿಗೆ ಕೂರಿಸಿಕೊಂಡು ಕೇಳಬೇಕು.

ಕೇಳಲಿಲ್ಲ. ಬ್ಯಾಗನ್ನು ಸದ್ದಾಗದಂತೆ ಇಟ್ಟೆ. ಅದಕ್ಕೂ ಕೋಪ ಬಂತು.

ಆಗಸ್ಟ್ ೨೭, ಬುಧವಾರ

ರೆಕಾರ್ಡರಿನ ಕಾರ್ಡನ್ನು ಸಾರ್ವಭೌಮ ನರ್ಸ್ ಬಂದ ದಿನವೇ ಕಿತ್ತುಕೊಂಡು ಹೋಗಿದ್ದ, ಕಂಪ್ಯೂಟರಿಗೆ ಹಾಕುತ್ತೇನೆಂದು. ಅಷ್ಟುದ್ದದ ರೆಕಾರ್ಡಿಂಗ್, ಯಾರು ಪೂರ್ತಿ ಕೇಳುತ್ತಾರೆ ಎಂದುಕೊಂಡು ಸುಮ್ಮನಿದ್ದೇನೆ.

ಮನೆಯಲ್ಲಿ ಪಾತ್ರೆ ತೊಳೆದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. “ಏನಾದ್ರೂ ಆಯ್ತಾ ಕಾಲೇಜಲ್ಲಿ?” ಎಂದಳು. ಇಲ್ಲ ಎಂದೆ. ಎಷ್ಟು ಮೆತ್ತಗೆ ಹೇಳಿದೆನೆಂದರೆ ಅವಳು ಇನ್ನೂ ಹೆದರಿದಳು. ಮುಖ ನೋಡಿ ಗೊತ್ತಾಯಿತು. ಇದೇನು ಕರ್ಮ! ಕೂಗಿದರೂ ತಪ್ಪು, ಕೂಗದಿದ್ದರೂ ತಪ್ಪು.

ಅವಳು ನಡೆಯುವಾಗ ಹಿಮ್ಮಡಿ ಊರುವುದೇ ಇಲ್ಲ. ಚಪ್ಪಲಿ ಹಾಕಿಕೊಂಡರೂ ಸದ್ದಿಲ್ಲ. ಇಷ್ಟು ದಿನ ಕೇಳಿಸಿಯೇ ಇರಲಿಲ್ಲ. ಇಲ್ಲದ ಸದ್ದು ಕೇಳಿಸಲಿಲ್ಲ ಎಂದರೆ ಏನರ್ಥವೋ. ಹೆಡ್‌ಫೋನ್ ಹಾಕಿ ಹಾಕಿ ಕಿವಿ ಕೆಟ್ಟಿದೆ.

ಸೆಪ್ಟೆಂಬರ್ ೩, ಬುಧವಾರ



ಎಡಿಟಿಂಗ್ ಕೋಣೆಗೆ ಕರೆದರು. ಕನ್ನಡಕ ಮುಖ ಕೊಟ್ಟು ನೋಡಲಿಲ್ಲ. ಸಾರ್ವಭೌಮ ಒಂದು ಕುರ್ಚಿ ಎಳೆದು, “ಕೂತ್ಕೋ, ಮೊದಲು ನೋಡು, ಆಮೇಲೆ ಮಾತು” ಎಂದ. ಪರದೆಯ ಮೇಲೆ ಅಮ್ಮನ ಕೈ ಗೇರ್ ಮೇಲೆ, ಹತ್ತಿರದ ಶಾಟ್. ಆಮೇಲೆ ಖಾಲಿ ಮೈದಾನ, ದೂರದಲ್ಲಿ ಕಾರು ಒಂಟಿಯಾಗಿ ನಿಂತಿದೆ. ಅದರ ಮೇಲೆ ಅಮ್ಮನ ದನಿ: “ಹೆತ್ತ ಮಗಳಿಗೆ ಹೆದರ್ತೀನಿ ಕಣಮ್ಮ.”

ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು.

“ಯಾರನ್ನ ಕೇಳಿ ಹಾಕ್ದೆ?”

“ನೀನೇ ರೆಕಾರ್ಡ್ ಮಾಡಿರೋದು. ಇಡೀ ಸಿನಿಮಾದಲ್ಲಿ ಚೆನ್ನಾಗಿರೋದೇ ಅದೊಂದು.”

“ತೆಗಿ.”

“ನರ್ಸ್ ಮಾತು ಪೂರ್ತಿ ತೆಗ್ದಿದೀನಿ. ಅವಳು ಯಾರಂತ ಗೊತ್ತಾಗಲ್ಲ.”

“ನಾನ್ಯಾರಂತ ಗೊತ್ತಾಗುತ್ತಲ್ಲೋ!”

ಅವನು ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದ. ಆಮೇಲೆ ದನಿ ತಗ್ಗಿಸಿ, “ನೋಡು, ಮುಂದಿನ ಸಿನಿಮಾಕ್ಕೆ ಕ್ಯಾಮೆರಾ ನಿಂಗೇ ಬಿಟ್ಕೊಡ್ತೀನಿ. ಇದೊಂದು ಇರಲಿ. ಇದು ಕಾಲೇಜು ಚಿತ್ರೋತ್ಸವದಲ್ಲಿ ಬಹುಮಾನ ಹೊಡೆಯುತ್ತೆ” ಎಂದ. ಅವನ ಕ್ಯಾಮೆರಾ ಯಾರಿಗೆ ಬೇಕು! ಅವನ ತಲೆಯ ಮೇಲೆ ಹಾಕಿಕೊಳ್ಳಲಿ.

ಗಲಾಟೆ ಕೇಳಿ ಮೇಡಂ ಬಂದರು. ಪೂರ್ತಿ ನೋಡಿದರು. ಅವರ ಕಣ್ಣು ಒದ್ದೆಯಾದದ್ದು ನೋಡಿ ನನಗೆ ಇನ್ನೂ ಉರಿಯಿತು. “ತುಂಬ ಶಕ್ತಿ ಇದೆ ಈ ಮಾತಿಗೆ” ಎಂದು, ನನ್ನ ಕಡೆ ತಿರುಗಿ, “ಆದ್ರೆ ಇಡೋದೋ ತೆಗೆಯೋದೋ ನಾನು ಹೇಳೋಕಾಗಲ್ಲ, ನೀವೂ ಹೇಳೋಕಾಗಲ್ಲ. ಮಾತು ನಿಮ್ಮ ಅಮ್ಮಂದು. ಅವರನ್ನ ಕೇಳಿ” ಎಂದರು.

ಕೇಳಬೇಕಂತೆ. ಅಂದರೆ ನಾನು ಕೇಳಿಸಿಕೊಂಡೆ ಎಂದು ಹೇಳಬೇಕು.

ಸೆಪ್ಟೆಂಬರ್ ೪, ಗುರುವಾರ

ಹೇಳಲಿಲ್ಲ. ಅಮ್ಮ ಇವತ್ತು ನಗುತ್ತ ಬಂದಿದ್ದಳು. ದಪ್ಪ ಮೀಸೆಯವರಿಗೆ ಲೈಸೆನ್ಸ್ ಸಿಕ್ಕಿತಂತೆ.

ಸೆಪ್ಟೆಂಬರ್ ೬, ಶನಿವಾರ

ಬೆಳಿಗ್ಗೆ ಅಮ್ಮ ಮೈದಾನಕ್ಕೆ ಹೊರಟಾಗ ನಾನೂ ಬರುತ್ತೇನೆ ಎಂದೆ. ಕಲಿಯುವವರು ಇನ್ನೂ ಬಂದಿರಲಿಲ್ಲ. ಕಾರು ನಿಂತ ಮೇಲೆ, ಎಡಿಟಿಂಗ್ ಕೋಣೆಯಿಂದ ವಾಪಸು ತಂದಿದ್ದ ಕಾರ್ಡನ್ನು ರೆಕಾರ್ಡರಿಗೆ ಹಾಕಿ, ಹೆಡ್‌ಫೋನ್ ಅವಳ ಕೈಗೆ ಕೊಟ್ಟು, “ಇದನ್ನ ಕೇಳು” ಎಂದೆ. ಬೇರೆ ಏನು ಹೇಳಬೇಕೆಂದು ತೋಚಲಿಲ್ಲ.

ಅಮ್ಮ ಕೇಳಿದಳು. ನಾನು ಅವಳ ಮುಖ ನೋಡಲಿಲ್ಲ. ಕಾಲು ನೋಡುತ್ತಿದ್ದೆ. ನಿಂತ ಕಾರಿನಲ್ಲೇ ಅವಳ ಕಾಲು ಬ್ರೇಕನ್ನು ಒತ್ತಿತು, ಬಲವಾಗಿ, ಬಿಡಲೇ ಇಲ್ಲ.

ಹೆಡ್‌ಫೋನ್ ತೆಗೆದು ಕೇಳಿದಳು: “ಯಾವಾಗ ಕೇಳಿಸ್ಕೊಂಡೆ?”

“ಅವತ್ತೇ. ಮರದ ಕೆಳಗೆ ಇದ್ನಲ್ಲ.”

“ಅದಕ್ಕಾ ಪಾತ್ರೆ ತೊಳೆದಿದ್ದು?”

ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಮೂಗಿನಲ್ಲಿ ಏನೋ ಸದ್ದಾಯಿತು. ಸುಳ್ಳು ಹೇಳಿದೆ ಎನ್ನುತ್ತಾಳೆ, ಆ ನರ್ಸನ್ನು ಸಮಾಧಾನ ಮಾಡಲು ಹೇಳಿದೆ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಹಾಗೆ ಹೇಳಲಿಲ್ಲ.

“ನಾನು ಆಡಿದ ಮಾತು ನಾನು ಇಲ್ಲ ಅನ್ನಲ್ಲ” ಎಂದಳು. “ಇರೋದನ್ನೇ ಹೇಳಿದೀನಿ.”

ಗಂಟಲವರೆಗೆ ಬಂತು. ನಾನು ಅವನ ಹಾಗಲ್ಲ, ನಿನಗೆ ಯಾವತ್ತು ಏನು ಮಾಡಿದೆ, ನೀನೇ ಬಾಯಿ ಮುಚ್ಚಿಕೊಂಡು ಇರುತ್ತೀಯ... ಎಲ್ಲ ಬಂತು. ಕಾರಿನೊಳಗೆ ಗಡಿಯಾರದ ಟಿಕ್ ಟಿಕ್, ಎಂಜಿನ್ ಆರುವ ಸಣ್ಣ ಚಟಪಟ, ಅಮ್ಮನ ಉಸಿರು. ಅವಳ ಉಸಿರು ಮೇಲೆ ಮೇಲೆ ಹೋಗುತ್ತಿತ್ತು. ನನ್ನ ಬಾಯಿಗೆ ಕಾಯುತ್ತಿದ್ದಳು. ನಾನು ಆಡಲಿಲ್ಲ. ಅಷ್ಟು ಹೊತ್ತು ಸುಮ್ಮನಿರುವುದು ಎಷ್ಟು ಕಷ್ಟ ಎಂದು ಯಾರಿಗಾದರೂ ಗೊತ್ತೇ? ಕಾಲರ್ ಹಿಡಿದು ನನ್ನನ್ನು ನಾನೇ ಕೂರಿಸಿಕೊಂಡಿದ್ದೆ.

ಆಮೇಲೆ ಸಿನಿಮಾದ ವಿಷಯ ಹೇಳಿದೆ. ಅದನ್ನು ಹಾಕಿದ್ದಾರೆ, ತೋರಿಸುತ್ತಾರಂತೆ, ನಿನ್ನ ಒಪ್ಪಿಗೆ ಬೇಕಂತೆ ಎಂದು. ಅಮ್ಮನ ಮುಖ ಆಗ ಬದಲಾಯಿತು.

“ಆ ಹುಡುಗ ಇದನ್ನ ಕೂತು ಕೇಳಿದನಾ?”

“ಹೂಂ.”

“ಎಷ್ಟು ಜನ ಕೇಳಿದಾರೆ?”

“ಮೂವರು. ನನ್ನ ಬಿಟ್ಟು.”

ಕಲಿಯುವವರು ಬಂದು ಕಿಟಕಿ ತಟ್ಟಿದರು. ಅಮ್ಮ ಬ್ರೇಕಿನಿಂದ ಕಾಲು ತೆಗೆದು, “ಸೋಮವಾರ ನಾನೂ ಬರ್ತೀನಿ ಕಾಲೇಜಿಗೆ” ಎಂದಳು.

ಸೆಪ್ಟೆಂಬರ್ ೮, ಸೋಮವಾರ

ಬಂದಳು! ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ, ಅದರ ತಲೆಯ ಮೇಲಿನ ಕೆಂಪು ಬೋರ್ಡ್ ಸಮೇತ, ಕಾಲೇಜಿನ ಅಂಗಳಕ್ಕೆ.

ಸಾರ್ವಭೌಮ ಕಾಫಿ ತರಿಸಿದ. “ಆಂಟಿ, ನಿಮ್ಮ ನೋವು ನೋಡಿ ಜನ ಅಳ್ತಾರೆ. ನಿಮ್ಮ ಥರದ ಎಷ್ಟೋ ಹೆಂಗಸರ ದನಿ ಇದು” ಎಂದು ಶುರುಮಾಡಿದ. ನಾನು ಬಾಯಿ ತೆರೆದೆ. ಅಮ್ಮ ನನ್ನ ಮೊಣಕೈ ಮೇಲೆ ಕೈ ಇಟ್ಟಳು, ನೀನು ಇರು ಎನ್ನುವ ಹಾಗೆ.

“ಎಷ್ಟೋ ಹೆಂಗಸರದ್ದಲ್ಲಪ್ಪ, ನನ್ನದು” ಎಂದಳು. “ನಾನು ಅದನ್ನ ಒಬ್ಬಳು ಹುಡುಗಿಗೆ ಹೇಳಿದ್ದು, ಅವಳು ಅಳ್ತಿದ್ಲು ಅಂತ. ನಿಂಗೆ ಹೇಳಲಿಲ್ಲ. ನಿಂಗೆ ಹೇಳಬೇಕು ಅನ್ಸಿದ್ರೆ ನಿನ್ನ ಮುಖ ನೋಡ್ಕೊಂಡು ಹೇಳ್ತಿದ್ದೆ.”

“ಆದ್ರೆ ಸಿನಿಮಾಕ್ಕೆ...”

“ನಿನ್ನ ಸಿನಿಮಾ ಹಾಳಾಗಿ ಹೋಗ್ಲಿ!”

ಬಸ್ಸಿನವನನ್ನು ಬೈದ ಅದೇ ದನಿ. ಪಕ್ಕದ ಕೋಣೆಯವರು ಇಣುಕಿದರು. ಅಮ್ಮ ತಾನೇ ಬೆಚ್ಚಿದವಳಂತೆ ಸುತ್ತ ನೋಡಿ, ಸ್ವಲ್ಪ ತಗ್ಗಿ, “ನಾನು ಗೇರ್ ಹಾಕೋದು ತೋರ್ಸು, ನಗೋದು ತೋರ್ಸು, ಬಯ್ಯೋದು ಬೇಕಾದ್ರೂ ತೋರ್ಸು. ಇದು ಬೇಡ” ಎಂದಳು. ಕನ್ನಡಕ ಆ ತುಂಡನ್ನು ಅವಳೆದುರಿಗೇ ಅಳಿಸಿದಳು. ಅಮ್ಮ ಕಾಫಿ ಕುಡಿಯದೆ ಎದ್ದಳು. ನಾನು ಕುಡಿದೆ, ಅವನ ಮೇಲಿನ ಸಿಟ್ಟಿಗೆ, ಎರಡೂ ಲೋಟ.

ಸೆಪ್ಟೆಂಬರ್ ೧೭, ಬುಧವಾರ

ಪ್ರದರ್ಶನ ಆಯಿತು. ಬಹುಮಾನ ಇಲ್ಲ. ಬಡಗಿಯ ಬಗ್ಗೆ ಮಾಡಿದ ತಂಡಕ್ಕೆ ಹೋಯಿತು. ಅದರಲ್ಲಿ ಫೋಕಸ್ಸೇ ಇರಲಿಲ್ಲ, ಮರದ ಪುಡಿ ಮಾತ್ರ ಹಾರುತ್ತಿತ್ತು. ತೀರ್ಪು ಕೊಟ್ಟವರಿಗೆ ಕಣ್ಣಿಲ್ಲ.

ಮಾತು ತೆಗೆದ ಕಡೆ ತೂತು ಬಿದ್ದಿತ್ತು. ಅಲ್ಲಿಗೆ ನಾನು ಕಾರಿನೊಳಗಿನ ಮೌನವನ್ನೇ ಹಾಕಿದೆ, ಇನ್ನೊಮ್ಮೆ ಹೋಗಿ ಹಿಡಿದು ತಂದದ್ದು. ಖಾಲಿ ಮೈದಾನ, ಕಾರು, ಗಡಿಯಾರದ ಟಿಕ್ ಟಿಕ್. ಸಾರ್ವಭೌಮ, “ಇಲ್ಲಿ ಜನ ಆಕಳಿಸ್ತಾರೆ” ಎಂದ. ಆಕಳಿಸಲಿ. ನಾನು ಬಿಡಲಿಲ್ಲ. ಇಬ್ಬರು ನಿಜವಾಗಿಯೂ ಆಕಳಿಸಿದರು. ಮೇಡಂ ಮಾತ್ರ ಆಮೇಲೆ ಬಂದು, “ಆ ಕಾರೊಳಗೆ ಯಾರೋ ಏನೋ ಹೇಳ್ಬೇಕು ಅಂತ ಕೂತಿದಾರೆ ಅನ್ಸುತ್ತೆ” ಎಂದರು. ಅಂಕ ಜಾಸ್ತಿ ಕೊಡಲಿಲ್ಲ, ಬರೀ ಮಾತು.

ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬಸ್ಸಿನವನನ್ನು ಬೈಯುವ ಜಾಗದಲ್ಲಿ ಸಭಾಂಗಣ ಪೂರ್ತಿ ನಕ್ಕಿತು, ಅವಳು ಮುಖ ಮುಚ್ಚಿಕೊಂಡಳು. ಮನೆಗೆ ಬರುತ್ತ, “ನಾನು ಅಷ್ಟು ಜೋರಾಗಿ ಮಾತಾಡ್ತೀನೇನೇ?” ಎಂದು ಕೇಳಿದಳು. ಜೋರಾಗಿಯೇ ಎಂದೆ. ಸೌಂಡ್ ಕಮ್ಮಿ ಮಾಡಿದ್ದೇನೆ, ಇಲ್ಲದಿದ್ದರೆ ಸ್ಪೀಕರ್ ಒಡೆಯುತ್ತಿತ್ತು ಎಂದೆ. ಮುಂದಿನ ಸಿಗ್ನಲ್ ಬರುವವರೆಗೂ ಅವಳು ನಗುತ್ತಿದ್ದಳು.

ಅಕ್ಟೋಬರ್ ೫, ಭಾನುವಾರ

ತಲೆ ಸಿಡಿಯುತ್ತಿದೆ.

ಈ ಸಲದ ಅಭ್ಯಾಸಕ್ಕೆ ಕ್ಯಾಮೆರಾ ನನ್ನ ಪಾಲಿಗೆ ಬಂದಿದೆ. ಕೆಲಸ ಸುಲಭ: ಒಂದು ಕೋಣೆ, ಮನುಷ್ಯರಿಲ್ಲದೆ, ಕದಲದ ಒಂದು ಶಾಟ್, ಕಿಟಕಿಯ ಬೆಳಕು ನೆಲದ ಮೇಲೆ ಸರಿಯುವವರೆಗೆ. ಬೆಳಿಗ್ಗೆಯಿಂದ ಸ್ಟ್ಯಾಂಡ್ ಹೂಡಿ ಕೂತೆ. ಮೊದಲ ಸಲ ಬೆಳಕು ಟೇಬಲ್ ಕಾಲಿಗೆ ಬರುವಾಗ ಅಮ್ಮ ಪೊರಕೆ ಹಿಡಿದು ಅಡ್ಡ ಹೋದಳು. ಎರಡನೇ ಸಲ ಟವೆಲ್ ತೆಗೆದುಕೊಳ್ಳಲು. ಮೂರನೇ ಸಲ ಏನೂ ಇಲ್ಲ, ಸುಮ್ಮನೆ ಬಂದು ಕ್ಯಾಮೆರಾದೊಳಗೆ ಇಣುಕಿದಳು.

“ಅಮ್ಮಾ, ಫ್ರೇಮಿಂದ ಆಚೆ ಹೋಗು!” ಎಂದು ಕೂಗಿದೆ.

ಅವಳು ಪೊರಕೆ ನೆಲಕ್ಕೆ ಕುಟ್ಟಿದಳು. “ಏನಂದೆ? ಆಚೆ ಹೋಗಾ? ಇದು ನನ್ನ ಮನೆ ಕಣೇ! ಬಾಡಿಗೆ ಕಟ್ಟೋಳು ನಾನು, ಗುಡಿಸೋಳು ನಾನು! ನೀನೇ ಹೋಗು ನಿನ್ನ ಫ್ರೇಮ್ ಎತ್ಕೊಂಡು!”

“ಬೆಳಕು ಹೋಗುತ್ತಮ್ಮ!”

“ಹೋಗ್ಲಿ! ನಾಳೆ ಬರುತ್ತೆ, ಎಲ್ಲಿಗೆ ಹೋಗುತ್ತೆ? ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ತೀಯಲ್ಲ, ಅದನ್ನ ಸಿನಿಮಾ ಮಾಡು!”

ಟವೆಲ್ಲಿಗೂ ಸಿನಿಮಾಕ್ಕೂ ಏನು ಸಂಬಂಧ? ಕೇಳಿದೆ. ಹೇಳಿದಳು. ಅಲ್ಲಿಂದ ಶುರುವಾದದ್ದು ನಾನು ಎಂಟನೇ ಕ್ಲಾಸಿನಲ್ಲಿ ಕಳೆದುಹಾಕಿದ ಕೊಡೆಯವರೆಗೆ ಹೋಯಿತು. ಪಕ್ಕದ ಮನೆಯವರು ಗೋಡೆ ತಟ್ಟಿದರು. ಅಮ್ಮ ತಿರುಗಿ ತಟ್ಟಿದಳು! ಬೆಳಕು ಟೇಬಲ್ ದಾಟಿ ಹೋಯಿತು. ಶಾಟ್ ಪೂರ್ತಿ ಹಾಳು. ಕ್ಯಾಮೆರಾ ಓಡುತ್ತಲೇ ಇತ್ತು. ಅದರಲ್ಲಿ ಈಗ ಪೊರಕೆ ಹಿಡಿದ ಅಮ್ಮ, ನಡುವೆ ನನ್ನ ಅರ್ಧ ಭುಜ, ಇಬ್ಬರ ಬಾಯಿಯೂ ಒಂದೇ ಸಲ ತೆರೆದಿದೆ.

ಮಾನಗೆಟ್ಟ ಭಾನುವಾರ. ಇಷ್ಟು ಬರೆಯುವಷ್ಟರಲ್ಲೂ ಅಡುಗೆಮನೆಯಿಂದ ಬೈಯುತ್ತಲೇ ಇದ್ದಾಳೆ. ಈಗ ಶೂ ಎಲ್ಲಿ ಬಿಡುತ್ತೇನೆ ಎನ್ನುವ ವಿಷಯ ಎತ್ತಿದ್ದಾಳೆ. ಇದಕ್ಕೆ ಮಾತ್ರ ಉತ್ತರ ಕೊಡದೆ ಇರಲು ಸಾಧ್ಯವಿಲ್ಲ. ಹೋಗುತ್ತೇನೆ.